ಮನೆ ನಮ್ಮದು, ಜಾಗ ಪಾರ್ಕಿನವರದು

ಅಕ್ಕ, ನಿಮ್ಮ ಮಾವ ತೀರಿಹೋದರು, ಪಾರ್ಕಿನಲ್ಲಿರುವ ಅವರ ಮೊಬೈಲ್ ಹೋಮ್ ವಿಷಯದಲ್ಲಿ ಮುಂದೇನು ಮಾಡಲಿ ಅಂತ ನೀವು ಬರೆದದ್ದು ಓದಿ ತುಂಬಾ ಬೇಜಾರಾಯಿತು. (ಗೊತ್ತಿಲ್ಲದವರಿಗೆ: ಮೊಬೈಲ್ ಹೋಮ್ ಅಂದರೆ ಫ್ಯಾಕ್ಟರಿಯಲ್ಲಿ ಕಟ್ಟಿ ತಂದು, ಪಾರ್ಕಿನವರ ಬಾಡಿಗೆ ಜಾಗದಲ್ಲಿ ನಿಲ್ಲಿಸುವ ಮನೆ.) ಇಂಥ ಹೊತ್ತಲ್ಲಿ ಕಾಗದಪತ್ರ ಹಿಡಿದು ಕೂರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಎರಡು ವರ್ಷದ ಹಿಂದೆ ನಮ್ಮಪ್ಪ ಸನ್ನಿವೇಲ್‌ನ ಒಂದು ಮೊಬೈಲ್ ಹೋಮ್ ಪಾರ್ಕಿನಲ್ಲಿ ತೀರಿಕೊಂಡರು. ನೀವೂ ಕ್ಯಾಲಿಫೋರ್ನಿಯಾದಲ್ಲೇ ಇರುವುದರಿಂದ ನಾನು ಕಲಿತದ್ದನ್ನು ಬರೆಯುತ್ತೇನೆ. ಬೇರೆ ರಾಜ್ಯದವರು ಇದನ್ನೇ ನಂಬಿಕೊಳ್ಳಬೇಡಿ. ಫ್ಲೋರಿಡಾದಲ್ಲಿ ಈ ಮನೆಗಳಿಗೆ ಕಾರಿಗೆ ಕೊಟ್ಟ ಹಾಗೆ ಟೈಟಲ್, ಅಂದರೆ ಒಡೆತನದ ಪತ್ರ, ಕೊಡುತ್ತಾರೆ. ಎರಡು ಭಾಗ ಜೋಡಿಸಿದ ಡಬಲ್ ವೈಡ್ ಮನೆ ಆದರೆ ಎರಡು ಟೈಟಲ್.

ಮನೆ ನಿಮ್ಮದಾಗುತ್ತದೆ, ಅದು ನಿಂತಿರುವ ಜಾಗ ಆಗುವುದಿಲ್ಲ. ಜಾಗದ ಬಾಡಿಗೆ ಒಂದು ತಿಂಗಳೂ ನಿಲ್ಲುವುದಿಲ್ಲ. ನಾವು ಕ್ರಿಯಾಕರ್ಮದ ಗಡಿಬಿಡಿಯಲ್ಲಿ ಮೊದಲ ತಿಂಗಳು ಕಟ್ಟಲೇ ಇಲ್ಲ. ಹದಿಮೂರನೇ ದಿನ ಮುಗಿಸಿ ಬಂದು ನೋಡಿದರೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದರು. ಮ್ಯಾನೇಜರ್ ಬೇರೆ, ಒಂದು ತಿಂಗಳಲ್ಲಿ ಮನೆ ತೆಗೆದುಕೊಂಡು ಹೋಗಿ ಅಂದರು. ಅಪ್ಪನ ಚಪ್ಪಲಿ ಇನ್ನೂ ಮೆಟ್ಟಿಲ ಹತ್ತಿರವೇ ಇತ್ತು. ಆ ಮಾತು ಕೇಳಿ ಕೈಕಾಲೇ ಆಡಲಿಲ್ಲ.

ಆಮೇಲೆ ಗೊತ್ತಾಯಿತು, ಬಾಕಿ ಇಲ್ಲದಿದ್ದರೆ ಅವರು ಹಾಗೆ ಹೇಳುವ ಹಾಗೇ ಇಲ್ಲ. ಮೊಬೈಲ್ ಹೋಮ್ ರೆಸಿಡೆನ್ಸಿ ಲಾ ಅಂತ ರಾಜ್ಯದ ಕಾನೂನಿದೆ. ಅದರ 798.78ನೇ ಸೆಕ್ಷನ್ ಪ್ರಕಾರ ವಾರಸುದಾರರು ಮನೆಯನ್ನು ಇದ್ದ ಜಾಗದಲ್ಲೇ ಮಾರಬಹುದು. ಆದರೆ ಮಾರುವ ತನಕ ಬಾಡಿಗೆ, ಕರೆಂಟು, ನೀರಿನ ಬಿಲ್ಲು, ಅಂಗಳದ ನಿಗಾ ಎಲ್ಲವೂ ಸರಿಯಾಗಿ ನಡೆದಿರಬೇಕು. ಬಾಕಿ ಬಿಟ್ಟರೆ ಮಾತ್ರ ಮನೆ ಎತ್ತಿಸಿ ಅನ್ನುವ ಹಕ್ಕು ಅವರಿಗೆ ಬರುತ್ತದೆ. ಎತ್ತಿಸಿದ ಹಳೇ ಮನೆಗೆ ಬೆಲೆ ಎಲ್ಲಿದೆ, ಅಲ್ವಾ? ಅದಕ್ಕೇ ಇವತ್ತೇ ಚೆಕ್ ಬರೆಯಿರಿ, ಜೊತೆಗೆ ಒಂದು ಪತ್ರ ಇಡಿ, ನಕಲು ನಿಮ್ಮ ಹತ್ತಿರ ಇರಲಿ.

ಟೈಟಲ್ ವಿಷಯ. ವಾಹನ ನೋಂದಣಿ ಮಾಡುವ ಡಿಎಂವಿಗೆ ಹೋಗಬೇಡಿ, ನಾನು ಸುಮ್ನೆ ಒಂದು ದಿನ ಹಾಳು ಮಾಡಿಕೊಂಡೆ. ಪಾರ್ಕಿನಲ್ಲಿರುವ ಮನೆಗಳನ್ನು ನೋಡಿಕೊಳ್ಳುವುದು ರಾಜ್ಯದ ವಸತಿ ಇಲಾಖೆ, ಎಚ್‌ಸಿಡಿ. ತೀರಿಕೊಂಡು 40 ದಿನ ಆಗಿದ್ದು, ಕೋರ್ಟಿನಲ್ಲಿ ಪ್ರೊಬೇಟ್, ಅಂದರೆ ತೀರಿಕೊಂಡವರ ಆಸ್ತಿ ಇತ್ಯರ್ಥದ ಕೇಸು, ನಡೆಯುತ್ತಿಲ್ಲವಾದರೆ ‘ಟ್ರಾನ್ಸ್‌ಫರ್ ವಿದೌಟ್ ಪ್ರೊಬೇಟ್’ ಫಾರಂ ಹಾಕಬಹುದು. ಊರಲ್ಲಿ ಪೌತಿ ಖಾತೆ ಮಾಡಿಸುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಡೆತ್ ಸರ್ಟಿಫಿಕೇಟ್ ಮತ್ತು ಹಳೇ ಟೈಟಲ್ ಬೇಕು. ಟೈಟಲ್ ಸಿಗದಿದ್ದರೆ ಡೂಪ್ಲಿಕೇಟ್‌ಗೆ ಅರ್ಜಿ ಇದೆ. ಸಾಲ ತೀರಿದ್ದರೂ ಟೈಟಲ್‌ನಲ್ಲಿ ಬ್ಯಾಂಕಿನ ಹೆಸರು ಉಳಿದಿದೆಯಾ ಅಂತ ನೋಡಿ. ಉಳಿದಿದ್ದರೆ ಅದನ್ನು ಮೊದಲು ತೆಗೆಸಬೇಕು. ಮನೆ 1980ರ ಜುಲೈ ನಂತರ ಮೊದಲ ಸಲ ಮಾರಾಟವಾಗಿದ್ದರೆ ಸಾಮಾನ್ಯವಾಗಿ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತಕ್ಕೆ, ತೆರಿಗೆ ಕಟ್ಟುವ ಮನೆ. ಆಗ ಅಲ್ಲಿಂದ ತೆರಿಗೆ ಬಾಕಿ ಇಲ್ಲ ಅನ್ನುವ ಟ್ಯಾಕ್ಸ್ ಕ್ಲಿಯರೆನ್ಸ್ ತರಬೇಕು.

ನಮಗೆ ಜಾಸ್ತಿ ಸತಾಯಿಸಿದ್ದು ಹೆಸರು. ಟೈಟಲ್‌ನಲ್ಲಿ ಅಪ್ಪನ ಹೆಸರಿಗೆ ಮುಂದೆ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ತಾತನ ಹೆಸರೇ ಸರ್‌ನೇಮ್. ಡೆತ್ ಸರ್ಟಿಫಿಕೇಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೂ ಸೇರಿತ್ತು. ಕಾಗದದ ಮೇಲೆ ಮೂರು ಜನ ಆಗಿಬಿಟ್ಟರು! ಮೂವರೂ ಒಬ್ಬರೇ ಅಂತ ನಾವು ಬರೆದುಕೊಡಬೇಕಾಯಿತು. ನಿಮ್ಮ ಮಾವನವರ ಎಲ್ಲ ದಾಖಲೆಗಳನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಹೆಸರು ತಾಳೆ ನೋಡಿ. ಶಿವಮೊಗ್ಗದಲ್ಲಿರುವ ನನ್ನ ತಂಗಿಯೂ ವಾರಸುದಾರಳು, ಅವಳ ಸಹಿಗೂ ಕಾಯಬೇಕಾಯಿತು. ನಿಮ್ಮ ನಾದಿನಿ ಮೈಸೂರಲ್ಲಿದ್ದಾರೆ ಅಂದಿರಿ. ಅವರಿಗೆ ಈಗಲೇ ಫೋನ್ ಮಾಡಿ, ಮನಸ್ಸು ಬಿಚ್ಚಿ ಮಾತಾಡಿ. ಹಣದ ಮಾತು ತಡವಾದಷ್ಟೂ ಕಷ್ಟ.

ಇನ್ನು ನೀವು ಕೇಳಿದ ದೊಡ್ಡ ಪ್ರಶ್ನೆ, ಮಕ್ಕಳನ್ನು ಕರೆದುಕೊಂಡು ಅಲ್ಲೇ ಹೋಗಿ ಇರಬಹುದಾ ಅಂತ. ನನ್ನ ಮಗನೂ ಇದನ್ನೇ ಕೇಳಿದ್ದ. ತಾತನ ಮನೆ ಅಂದರೆ ಅವನಿಗೆ ಪ್ರಾಣ, ನಾವೋ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ಬಾಡಿಗೆ ಸುರಿಯುತ್ತಿದ್ದೆವು. ಆದರೆ ಅಪ್ಪ ಇದ್ದದ್ದು 55 ವರ್ಷ ದಾಟಿದವರ ಪಾರ್ಕು. ಅಂಥ ಕಡೆ ಮಕ್ಕಳಿರುವ ಕುಟುಂಬವನ್ನು ಬೇಡ ಅನ್ನಲು ಫೆಡರಲ್ ಕಾನೂನೇ ಅವಕಾಶ ಕೊಡುತ್ತದೆ. ಮನೆಗೆ ಒಡೆಯನಾಗಿಯೂ ಮಕ್ಕಳ ಜೊತೆ ಅಲ್ಲಿ ಒಂದು ದಿನ ಸಂಸಾರ ಮಾಡಲಾಗಲಿಲ್ಲ. ಎಂಟು ವರ್ಷದ ಹುಡುಗನಿಗೆ ಅದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ನಿಮ್ಮದು ಎಲ್ಲ ವಯಸ್ಸಿನವರ ಪಾರ್ಕಾದರೆ ದಾರಿ ಇದೆ. ಆದರೂ ವಾಸಕ್ಕೆ ಬೇರೆ ಅರ್ಜಿ ಹಾಕಿ ಪಾರ್ಕಿನವರ ಒಪ್ಪಿಗೆ ತೆಗೆದುಕೊಂಡೇ ಸಾಮಾನು ಸಾಗಿಸಿ.

ನಾವು ಕೊನೆಗೆ ಮಾರಿದೆವು. ಅಪ್ಪ ಬೆಳೆಸಿದ್ದ ಮಲ್ಲಿಗೆ ಕುಂಡವನ್ನು ಮಗ ತೊಡೆಯ ಮೇಲಿಟ್ಟುಕೊಂಡು ಬಂದ. ಈಗ ಬಾಲ್ಕನಿಯಲ್ಲಿದೆ, ನೀರು ಹಾಕುವುದು ಅವನದೇ ಕೆಲಸ.

ಅಪ್ಪ ಅಮ್ಮ ಇಂಥ ಮನೆಯಲ್ಲಿರುವ ಉಳಿದವರಿಗೂ ಒಂದು ಮಾತು. ಅವರು ಗಟ್ಟಿಯಾಗಿರುವಾಗಲೇ ಟೈಟಲ್‌ನಲ್ಲಿ ‘ಟ್ರಾನ್ಸ್‌ಫರ್ ಆನ್ ಡೆತ್’, ಅಂದರೆ ಅವರ ನಂತರ ಮನೆ ಇವರಿಗೆ, ಅಂತ ನಿಮ್ಮ ಹೆಸರು ಸೇರಿಸಲು ಎಚ್‌ಸಿಡಿಯಲ್ಲಿ ಅವಕಾಶವಿದೆ. ಕೇಳಲು ಸಂಕೋಚ ಆಗುತ್ತದೆ, ನನಗೂ ಆಗಿತ್ತು, ಅದಕ್ಕೇ ಕೇಳಲಿಲ್ಲ.

ಅಕ್ಕ, ಫಾರಂ ತುಂಬುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮೆಸೇಜ್ ಮಾಡಿ. ಶನಿವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ.