ಗಾಡಿ ಡಿಕ್ಕಿಯೊಳಗ ಅಡಗಿ ಪೆಟ್ಟಿಗಿ ಮಾಡಸ್ಬೇಕು, ಬಿಸಿ ರೊಟ್ಟಿ ಆಗೂವಂಗ ಹೆಂಗ ಮಾಡಸ್ಲಿ?

ಕಲಬುರಗಿ_ಗಾಡಿ

ಎಲ್ಲಾರಿಗೂ ನಮಸ್ಕಾರ್ರಿ. ನಾವು ಮನ್ಯಾಗ ಐದು ಮಂದಿ, ದೀಪಾವಳಿಯಿಂದ ಶಿವರಾತ್ರಿತನಕ ತಿಂಗಳಿಗೊಮ್ಮೆ ಗಾಡಿ ತಗೊಂಡು ಎಲ್ಲರೆ ಒಂದು ರಾತ್ರಿ ಇದ್ದು ಬರ್ತೀವಿ, ಆಮ್ಯಾಲ ನಮ್ಮ ಬಿಸಲು ನಿಮಗ ಗೊತ್ತೇ ಅದ. ಹೋದ ಸಲ ಚಿಂಚೋಳಿ ಕಡೆ ಗೆಳೆಯನ ಹೊಲದಾಗ ಇಳದಿದ್ವಿ. ಸಾಮಾನೆಲ್ಲಾ ಮೂರು ಪ್ಲಾಸ್ಟಿಕ್ ಕ್ರೇಟಿನಾಗ ತುಂಬಿದ್ದೆ, ಒಂದು ಕಡ್ಡಿಪೆಟ್ಟಿಗಿ ಸಲುವಾಗಿ ಮೂರೂ ಕ್ರೇಟ್ ಕೆಳಗ ಇಳಸಬೇಕಾಯ್ತು, ದಾರ್ಯಾಗ ಎಣ್ಣಿ ಬಾಟ್ಲಿ ಉಳ್ಳಿ ಶೇಂಗಾ ಹಿಂಡಿ ಡಬ್ಬಿಯಿಂದ ಹಿಡದು ಹಾಸಗಿತನಕ ಎಲ್ಲಾ ಎಣ್ಣಿ ಆಗಿತ್ತು. ಗಾಳಿಗೆ ಒಲಿ ಉರಿ ನಿಲ್ಲಲಿಲ್ಲ, ಚಾ ಆಗ್ಲಿಕ್ಕೇ ಮುಕ್ಕಾಲು ತಾಸು.

ಅದಕ್ಕ ಡಿಕ್ಕಿಯೊಳಗ ಕುಂದ್ರೋವಂಥ ಪೆಟ್ಟಿಗಿ ಮಾಡಸ್ಬೇಕಂತೀನಿ, 36 ಇಂಚು ಅಗಲ, 30 ಇಂಚು ಉದ್ದ, 14 ಇಂಚು ಎತ್ತರ, ಎರಡು ಡ್ರಾ, ಒಂದರಾಗ ಒಲಿ ಇನ್ನೊಂದರಾಗ ಡಬ್ಬಿ. ಬಡಗ್ಯಾರು 18 ಎಂಎಂ ಪ್ಲೈವುಡ್ ಹಾಕ್ರಿ ಗಟ್ಟಿ ಇರ್ತದ ಅಂತಾರ. ಒಲಿ ಯಾವ್ದು ತಗೋಬೇಕು, ಸಣ್ಣ ಗ್ಯಾಸ್ ಡಬ್ಬಿ ಹಾಕೋದೋ 5 ಕೆಜಿ ಸಿಲಿಂಡರೋ? ಇನ್ನೊಂದು, ನಮ್ಮವ್ವಗ ರಾತ್ರಿ ಊಟಕ್ಕ ಬಿಸಿ ಜೋಳದ ರೊಟ್ಟಿ ಬೇಕೇ ಬೇಕು, ಬ್ರೆಡ್ಡು ನೂಡಲ್ಸು ಆಕಿ ಮುಟ್ಟಂಗಿಲ್ಲ. ಮಾಡಿದವರು ಹೇಳ್ರಿ.

ಬೀದರ_ಬೊಲೆರೊ

ಅಣ್ಣಾರ 18 ಎಂಎಂ ಬ್ಯಾಡ್ರಿ. ನಿಮ್ಮ ಅಳತಿಗೆ ಡ್ರಾ ಹಿಡದು ಹೆಚ್ಚುಕಡಿಮಿ 45 ಚದರಡಿ ಪ್ಲೈ ಬೀಳ್ತದ, 18ರಾಗ ಮಾಡಿದ್ರ ಬರೀ ಖಾಲಿ ಪೆಟ್ಟಿಗೀನೇ 50 ಕೆಜಿ ಆಜುಬಾಜು ಆಗ್ತದ, ಅದರ ಮ್ಯಾಲ 20 ಲೀಟರ್ ನೀರು ಅಂದ್ರ ಇನ್ನೊಂದು 20 ಕೆಜಿ, ಪಾತ್ರಿ ಗ್ಯಾಸ್ ಬ್ಯಾರೆ. ಹೊರಗಿನ ಪೆಟ್ಟಿಗಿ 12 ಎಂಎಂ, ಡ್ರಾ 9 ಎಂಎಂ ಸಾಕು. ಆದ್ರ ಪ್ಲೈ ಮಾತ್ರ ನೀರು ತಡಿಯೋದು ತಗೋರಿ, ಐಎಸ್ 710 ಅಂತ ಹೊಡದಿರ್ತದ ನೋಡ್ರಿ, ಸಾದಾ ಪ್ಲೈ ನಾಕು ಸಲ ನೀರು ಚೆಲ್ಲಿದ್ರ ಪದರ ಬಿಡ್ತದ. ಬರೀ ಮೊಳಿ ಹೊಡದ್ರ ನಮ್ಮ ರೋಡಿಗೆ ಸಡಲ ಆಗ್ತಾವ, ಫೆವಿಕಾಲ್ ಹಚ್ಚಿ ಸ್ಕ್ರೂ ಹಾಕ್ಸಿ ಒಳಗ ಮೂಲಿಗೆ ಎಲ್ ಪಟ್ಟಿ ಬಡಸ್ರಿ.

ಡ್ರಾಕ್ಕ 45 ಕೆಜಿ ತಡಿಯೋ ಟೆಲಿಸ್ಕೋಪಿಕ್ ಚಾನೆಲ್, ಅಂದ್ರ ಡ್ರಾ ಸರದಾಡೋ ಕಬ್ಬಿಣದ ಪಟ್ಟಿ, ಸಿಗ್ತಾವ, ಅವನ್ನ ಹಾಕಸ್ರಿ, ಪ್ರತಿ ಡ್ರಾಕ್ಕೂ ಕಿಟಕಿಗೆ ಹಾಕೋ ಸಣ್ಣ ಚಿಲಕ ಬೇಕೇ ಬೇಕು. ನಂದು ಚಿಲಕ ಇರಲಿಲ್ಲ, ಹುಮನಾಬಾದ ಕಡಿಂದ ಬರೋವಾಗ ಏರಿನಾಗ ಡ್ರಾ ತಾನೇ ಹಿಂದಕ್ಕ ಸರದು ಡಿಕ್ಕಿ ಬಾಗಲಿಗೆ ಬಡೀತು, ಕಾಚು ಉಳದದ್ದು ಪುಣ್ಯ. ಎಲ್ಲಕ್ಕಿಂತ ಮುಖ್ಯ, ಪೆಟ್ಟಿಗಿ ಸುಮ್ನ ಇಡಬ್ಯಾಡ್ರಿ, ಗಾಡಿ ಕೊಂಡಿಗೆ ರಾಚೆಟ್ ಬೆಲ್ಟ್ (ಹಿಡಿಕಿ ಆಡಿಸಿ ಬಿಗಿಯೋ ಪಟ್ಟಾ) ಹಾಕಿ ಬಿಗೀರಿ. ಗಚ್ಚನೆ ಬ್ರೇಕ್ ಹೊಡದ್ರ 80 ಕೆಜಿ ಸಾಮಾನು ಮುಂದ ಬರ್ತದ, ಮುಂದ ಕುಂತಿರೋರು ನಿಮ್ಮ ಹುಡುಗ್ರು.

ಶಹಾಪುರದಾಂವ

ಪೆಟ್ಟಿಗಿ ವಿಷಯ ಬೀದರದ ಸರ್ ಹೇಳಿದ್ದು ಬರೋಬ್ಬರಿ ಅದ, ನಾ ಒಲಿ ವಿಷಯ ಹೇಳ್ತೀನಿ ಯಾಕಂದ್ರ ನೀವು ರೊಟ್ಟಿ ಅಂದ್ರಿ. ಒಲಿ ಪಕ್ಕಕ್ಕೇ 220 ಗ್ರಾಂ ಬ್ಯುಟೇನ್ ಡಬ್ಬಿ ಕುಂದ್ರೋ ಆ ಚಪ್ಪಟಿ ಒಲಿ ಅದಲ್ಲ, ಚಾಕ್ಕ, ಉಪ್ಪಿಟ್ಟಿಗೆ ಭಾಳ ಛೊಲೊ, ಅದರ ಮ್ಯಾಲ ರೊಟ್ಟಿ ಹಂಚು ಮಾತ್ರ ಇಡಬ್ಯಾಡ್ರಿ. ನಮ್ಮ ಹಂಚು 12 ಇಂಚಿಂದು, ಅಂಚು ಹೋಗಿ ಡಬ್ಬಿ ಮ್ಯಾಲ ಬರ್ತದ, ಕಬ್ಬಿಣದ ಕಾವು ಕೆಳಗ ಹೊಡದು ಡಬ್ಬಿ ಕಾಯ್ತದ, ಕಾದಂಗ ಒಳಗ ಒತ್ತಡ ಏರಿ ಒಡೀಬಹುದು. ನಾವು ಬೋನಾಳ ಕೆರಿ ಹಕ್ಕಿ ನೋಡ್ಲಿಕ್ಕ ಹೋದಾಗ ಸುರಪುರ ಹತ್ರ ಉಳದಿದ್ವಿ, ನಮ್ಮ ತಮ್ಮ ಆ ಒಲಿ ಮ್ಯಾಲ ಹಂಚು ಇಟ್ಟು ನಾಕನೇ ರೊಟ್ಟಿ ಹಾಕೋದ್ರಾಗ ಡಬ್ಬಿ ಹಿಡದಿಡೋ ಲಿವರ್ ಟಕ್ ಅಂತ ತಾನೇ ಕೆಳಗ ಬಂದು ಉರಿ ಆರ್ತು. ಡಬ್ಬಿ ಮುಟ್ಟಿದ್ರ ಕೈ ಸುಡೋಷ್ಟು ಬಿಸಿ. ಒಳಗ ಒತ್ತಡ ಹೆಚ್ಚಾದ್ರ ಬಂದ್ ಮಾಡೋ ವ್ಯವಸ್ಥಾ ಇತ್ತಂತ ಎಲ್ಲಾರೂ ಪಾರಾದ್ವಿ. ಗಾಳಿ ಅಂತ ಸುತ್ತ ತಗಡು ಮರಿ ಮಾಡ್ತಾರಲ್ಲ ಅದರಿಂದನೂ ಹಂಗೇ ಆಗ್ತದ, ಡಬ್ಬಿ ಒಳಗ ಸಿಗಂಗ ತಗಡು ನಿಲ್ಲಸಬ್ಯಾಡ್ರಿ.

ರೊಟ್ಟಿಗೆ 5 ಕೆಜಿ ಸಿಲಿಂಡರ್, ಅಗಲ ಬರ್ನರಿನ ಒಲಿ, ನಡುವ ಐಎಸ್ಐ ಪೈಪು. ಉರಿ ಪೂರಾ ಇಟ್ರೂ ದೊಡ್ಡ ಬರ್ನರ್ ತಾಸಿಗೆ 200 ಗ್ರಾಂ ಆಸುಪಾಸು ತಿಂತದ, ನಿಮ್ಮ ಇಡೀ ಚಳಿಗಾಲ ಸಾಕು. ಗಾಡಿ ಹೋಗೋವಾಗ ರೆಗ್ಯುಲೇಟರ್ ತೆಗದು ಟೊಪಗಿ ಹಾಕಿ, ಸಿಲಿಂಡರ್ ನಿಂತೇ ಇರ್ಬೇಕು, ಮಲಗಸಬ್ಯಾಡ್ರಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರ ಮ್ಯಾಲ ಹೋಗಂಗಿಲ್ಲ, ಡಿಕ್ಕಿ ತಳದಾಗೇ ಕುಂದ್ರತದ, ಅದಕ್ಕ ಕಾಚು ಸ್ವಲ್ಪ ಇಳಸಿಡ್ರಿ, ಇಳದ ಮ್ಯಾಲ ಜೋಡಣಿಗೆ ಸಬ್ಬಿನ ನೀರು ಹಚ್ಚಿ ಗುಳ್ಳಿ ಬರ್ತದೇನು ನೋಡಿ ಆಮ್ಯಾಲೇ ಕಡ್ಡಿ ಗೀರ್ರಿ. ಬಂದ್ ಗಾಡ್ಯಾಗ ಒಲಿ ಹಚ್ಚೋದಂತೂ ಬ್ಯಾಡೇ ಬ್ಯಾಡ.

ಕಲಬುರಗಿ_ಗಾಡಿ

ಸರ ಇದು ನನಗ ಗೊತ್ತೇ ಇರಲಿಲ್ರಿ, ನಾಳೇನೇ ಆ ಒಲಿ ತರಬೇಕಂತಿದ್ದೆ. ಇನ್ನೊಂದು ಮಾತು, ಒಲಿ ಕೆಳಗ ಪ್ಲೈ ಸುಡಬಾರ್ದಂತ ಶಹಾಬಾದ ಫರಸಿ ಒಂದು ತುಂಡು ಹಾಕಸ್ಲೇನು? ಮನ್ಯಾಗ ಎರಡಡಿ ತುಂಡು ಬಿದ್ದದ.

ಬೀದರ_ಬೊಲೆರೊ

ಎರಡಡಿ ಒಂದೂವರೆ ಅಡಿ ಫರಸಿ, ಒಂದಿಂಚು ದಪ್ಪ ಇದ್ರ 18 ಕೆಜಿ ತೂಗ್ತದ. ಬ್ಯಾಡ್ರಿ. ಅಲ್ಯುಮಿನಿಯಂ ಶೀಟು ಸ್ವಲ್ಪ ಎತ್ತರಸಿ ನಡುವ ಸಂದಿ ಬಿಟ್ಟು ಬಡೀರಿ, ಸಾಕು.

ಕಲ್ಯಾಣದ_ಅಕ್ಕ

ನಾ ಬಸವಕಲ್ಯಾಣದಾಕಿ, ಗಾಡ್ಯಾಗ ಅಡಗಿ ಮಾಡೋಳು ನಾನೇ, ಅದಕ್ಕ ಒಂದು ಹೇಳ್ತೀನಿ ತಮ್ಮಾ. ನೀವೆಲ್ಲಾ ಪ್ಲೈ ಗ್ಯಾಸು ಮಾತಾಡ್ಲಿಕ್ಕತ್ತೀರಿ, ರೊಟ್ಟಿ ಎಲ್ಲಿ ಬಡೀಬೇಕು ಅಂತ ಯಾರೂ ಕೇಳಿಲ್ಲ. ಹೊರಗ ಎಳದ ಡ್ರಾದ ಮ್ಯಾಲ ಪರಾತ ಇಟ್ಟು ರೊಟ್ಟಿ ಬಡದು ನೋಡು, ಒಂದೊಂದು ಏಟಿಗೂ ಡ್ರಾ ಕುಣೀತದ, ಪಕ್ಕದಾಗ ಒಲಿ ಮ್ಯಾಲಿನ ಎಸರು ತುಳಕ್ತದ, ಹಿಟ್ಟು ತಿರಗಂಗಿಲ್ಲ, ರೊಟ್ಟಿ ಅಂಚು ಒಡೀತದ. ನಮ್ಮನಿಯವರು ಡ್ರಾಕ್ಕ ಕಾಲು ಹಚ್ಚಿ ಕೊಟ್ರು, ಆದ್ರೂ ಎತ್ತರ ಎದಿಮಟ್ಟ ಬಂತು, ತೋಳು ಸೋತು ಆರನೇ ರೊಟ್ಟಿಗೇ ಸಾಕಾಯ್ತು. ನಿಮ್ಮವ್ವ ನಿಂತು ಬಡೀತಾರೇನು? ಮನ್ಯಾಗ ಕುಂತು ಬಡಿಯೋ ರೂಢಿ ಇದ್ರ ಅಲ್ಲೂ ಕುಂತೇ ಬಡೀಲಿ.

ಅದಕ್ಕ ನಾ ಹೇಳೋದು, ಡ್ರಾ ಚಾ ಪಲ್ಯಾಕ್ಕ ಇರ್ಲಿ, ರೊಟ್ಟಿ ಸಾಮಾನು ಪೂರಾ ಒಂದು ಚೀಲದಾಗ ಬ್ಯಾರೆ ಕಟ್ಟು, ಪರಾತ, ಹಂಚು, ಹಿಟ್ಟಿನ ಡಬ್ಬಿ, ನೀರು ಹಚ್ಚೋ ಅರಬಿ, ಕುಂದ್ರಲಿಕ್ಕ ಮಣಿ. ಗ್ಯಾಸ್ ಒಲಿ ಡ್ರಾಕ್ಕ ಸ್ಕ್ರೂ ಬಡೀಬ್ಯಾಡ, ತೆಗದು ನೆಲದ ಮ್ಯಾಲ ಇಡೋವಂಗಿರ್ಲಿ. ನೆಲದಾಗ ಗಾಳೀನೂ ಕಮ್ಮಿ, ಗಾಡಿ ಮರಿ ಸಿಗ್ತದ, ಸಿಲಿಂಡರ್ ಪೈಪಿನುದ್ದ ದೂರ ಇಡು. ಹಿಟ್ಟು ಮನಿಯಿಂದ ನಾದಿ ಒಯ್ಯಬ್ಯಾಡ, ಜಿಗಿ ಹೋಗ್ತದ, ಅಲ್ಲೇ ಎಸರಿಟ್ಟು ನಾದಬೇಕು. ಕಡಕ ರೊಟ್ಟಿ ಒಂದು ಹತ್ತು ಇರ್ಲಿ, ಹುಡುಗ್ರಿಗೆ ಹಸಿವಾದ್ರ ಕಾಯೋದಿಲ್ಲ.

ಕಲಬುರಗಿ_ಗಾಡಿ

ಅಕ್ಕಾರ, ನಿಮ್ಮ ಮಾತು ಓದಿ ಅವ್ವನ ಕೇಳ್ದೆ, "ನಿಂತು ಬಡೀಲಿಕ್ಕ ನನ್ನ ಮೊಳಕಾಲು ಎಲ್ಲಿ ಕೇಳ್ತಾವ, ಮಣಿ ಹಾಕು" ಅಂದ್ಳು. ಬಡಗ್ಯಾರಿಗೆ ಫೋನ್ ಮಾಡಿ 18 ಬ್ಯಾಡ 12 ಅಂತ ಹೇಳೀನಿ, ಒಲಿ ಡ್ರಾ ತೆಗಿಸಿ ಅಲ್ಲಿ ನೀರಿನ ಕ್ಯಾನ್ ನಿಂದ್ರೋ ಖಣ ಮಾಡಸ್ಲಿಕ್ಕತ್ತೀನಿ, ಕ್ಯಾನ್ ಎತ್ತರ ಅಳದು ಪೆಟ್ಟಿಗಿ ಎರಡಿಂಚು ಏರಸ್ತೀನಿ. ಸಿಲಿಂಡರ್ ನಿಂದ್ರಸಿ ಬೆಲ್ಟ್ ಹಾಕ್ಲಿಕ್ಕ ಎಡಕ್ಕ ಜಾಗ ಬಿಡ್ತೀನಿ. ಬೀದರದ ಸರ, ಬೆಲ್ಟ್ ಯಾವ ಅಗಲಿಂದು ತಗೊಂಡ್ರಿ ನೀವು, ಒಂದಿಂಚಿಂದು ಸಾಕಾಗ್ತದೇನ್ರಿ?