ಸಹಾಯ ಬೇಕು: ವಿಂಟ್‌ಗರ್ ಕಮರಿಯಿಂದ ಏರು ಹತ್ತದೆ ವಾಪಸ್ ಬರೋದು ಹೇಗೆ?

ಸ್ಲೊವೇನಿಯಾದ ಬ್ಲೆಡ್ ಹತ್ತಿರದ ವಿಂಟ್‌ಗರ್ ಕಮರಿಗೆ ಹೊರಟಿದ್ದೇವೆ, ಜೊತೆಗೆ ಮಂಡಿನೋವಿರುವ ಅಮ್ಮ ಇರ್ತಾರೆ. ರಾಡೊವ್ನಾ ನದಿ ಪಕ್ಕದಲ್ಲೇ ಬಂಡೆಗೆ ಆನಿಸಿ ಕಟ್ಟಿದ ಮರದ ಹಲಗೆ ದಾರಿ, ಸುಮಾರು 1.6 ಕಿ.ಮೀ., ಹೆಚ್ಚುಕಡಿಮೆ ಸಮತಟ್ಟು. ಅದರ ಚಿಂತೆ ಇಲ್ಲ. ತುಂತುರಿಗೆ ನೆನೆದ ಹಲಗೆ ಜಾರುತ್ತೆ ಅಂತ ಒಳ್ಳೆ ಹಿಡಿತದ ಶೂ, ಹಲಗೆ ಸಂದಿಗೆ ಸಿಕ್ಕದ ಹಾಗೆ ರಬ್ಬರ್ ತುದಿಯ ಊರುಗೋಲು ತೆಗೆದಿಟ್ಟಾಗಿದೆ.

ತೊಡಕಿರೋದು ಶುಮ್ ಜಲಪಾತದ ನಂತರ. ಒಳಗೆ ಏಕಮುಖ ಸಂಚಾರ, ಬಂದ ದಾರೀಲಿ ವಾಪಸ್ ಬಿಡಲ್ಲ. ಗುಡ್ಡ ಹತ್ತಿ ಸೇಂಟ್ ಕ್ಯಾಥರೀನ್ ಚರ್ಚ್ ಕಡೆಯಿಂದ ಬರೋ ದಾರಿಯನ್ನ ನಕ್ಷೆಯಲ್ಲಿ ನೋಡಿದೆ. ದೂರ ತಿಳಿಯುತ್ತೆ, ಆದರೆ ಏರು ಎಷ್ಟು ಕಡಿದು, ಮೆಟ್ಟಿಲೋ ಮಣ್ಣುದಾರಿಯೋ ಗೊತ್ತಾಗ್ತಿಲ್ಲ.

ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ಹೇಳಿ: ಈ ಏರು ತಪ್ಪಿಸಿ, ಜಲಪಾತದ ಕಡೆಯಿಂದಲೇ ಬಸ್ಸೋ ಟ್ಯಾಕ್ಸಿಯೋ ಹಿಡಿದು ಪ್ರವೇಶದ್ವಾರಕ್ಕೆ ಮರಳಬಹುದಾ?