ಸಂಪುಟದ ಕಲ್ಲುಗಳನ್ನು ಹಂಚುವ ಮೊದಲು

ಎಲ್ಲರಿಗೂ ನಮಸ್ಕಾರ. ಹೇಳಬೇಕಾದದ್ದು ಸ್ವಲ್ಪ ಉದ್ದವಿದೆ, ಆದ್ದರಿಂದ ಧ್ವನಿಸಂದೇಶದಲ್ಲಿಯೇ ಹೇಳುತ್ತೇನೆ. ಬಿಡುವಾದಾಗ ಕೇಳಿ.

ನಿನ್ನೆ ರಾತ್ರಿ ನಮ್ಮ ತಮ್ಮನ ಮಗಳು ಅಪ್ಪಯ್ಯನ ಪೂಜಾ ಸಂಪುಟದ, ಅಂದರೆ ದೇವರ ಕಲ್ಲುಗಳನ್ನು ಇಡುವ ಪೆಟ್ಟಿಗೆಯ, ಚಿತ್ರವನ್ನು ಹಾಕಿ, ಅದರಲ್ಲಿರುವ ಐದು ಕಲ್ಲುಗಳನ್ನು ಐದು ಮನೆಯವರು ಒಂದೊಂದಾಗಿ ಹಂಚಿಕೊಂಡರೆ ಎಲ್ಲರ ಮನೆಯಲ್ಲಿಯೂ ಅಜ್ಜನ ನೆನಪು ಉಳಿಯುತ್ತದಲ್ಲವೇ ಎಂದು ಕೇಳಿದ್ದಾಳೆ. ಅದರ ಕೆಳಗೆ ಭಾವನವರು, ಅವೆಲ್ಲ ಗಂಗೆಯ ಕಲ್ಲುಗಳು, ಯಾರು ಯಾವುದನ್ನು ತೆಗೆದುಕೊಂಡರೂ ಒಂದೇ ಎಂದು ಬರೆದಿದ್ದಾರೆ. ಮಗಳೇ, ನೀನು ಪ್ರೀತಿಯಿಂದಲೇ ಕೇಳಿದ್ದೀಯೆ. ಆದರೆ ಆ ಕಲ್ಲುಗಳು ಎಲ್ಲಿಯವೆಂದು ತಿಳಿದ ಮೇಲೆ ನಿನಗೂ ಹಂಚಲು ಮನಸ್ಸಾಗಲಾರದು ಎಂದು ನನಗೆ ಅನ್ನಿಸುತ್ತದೆ.

ಅಪ್ಪಯ್ಯ ಮಾಡುತ್ತಿದ್ದದ್ದು ಪಂಚಾಯತನ ಪೂಜೆ, ಅಂದರೆ ಐದು ದೇವರನ್ನು ಐದು ಕಲ್ಲುಗಳಲ್ಲಿ ಒಟ್ಟಿಗೆ ಪೂಜಿಸುವುದು. 'ಆದಿತ್ಯಮಂಬಿಕಾಂ ವಿಷ್ಣುಂ ಗಣನಾಥಂ ಮಹೇಶ್ವರಂ' ಎಂದು ಅವರು ಹೇಳುತ್ತಿದ್ದದ್ದು ನಿಮಗೆ ನೆನಪಿರಬಹುದು. ಸೂರ್ಯನಿಗೆ ಸ್ಫಟಿಕ, ಅಂಬಿಕೆಗೆ ಸ್ವರ್ಣಮುಖಿ ನದಿಯ ಶಿಲೆ, ವಿಷ್ಣುವಿಗೆ ಗಂಡಕಿಯ ಸಾಲಿಗ್ರಾಮ, ಗಣಪತಿಗೆ ಶೋಣಭದ್ರದ ಕೆಂಪು ಕಲ್ಲು, ನಡುವೆ ಶಿವನಾಗಿ ನರ್ಮದೆಯ ಬಾಣಲಿಂಗ. ಚಿತ್ರದಲ್ಲಿ ಮಧ್ಯದಲ್ಲಿರುವ, ಮೊಟ್ಟೆಯಾಕಾರದ ನುಣುಪಾದ ಕಲ್ಲೇ ಅದು. ನೈರುತ್ಯದ ಮೂಲೆಯಲ್ಲಿ ಇರುವ ಸಣ್ಣ ಕೆಂಪು ಕಲ್ಲು ಗಣಪತಿ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಎರಡು ಕಲ್ಲುಗಳ ವಿಷಯವನ್ನು.

ನರ್ಮದೆ ಮತ್ತು ಶೋಣ ಎರಡೂ ಹುಟ್ಟುವುದು ಮಧ್ಯಪ್ರದೇಶದ ಅಮರಕಂಟಕದಲ್ಲಿ ಎಂಬುದು ಸಂಪ್ರದಾಯ. ಮೈಕಲ ಬೆಟ್ಟಸಾಲಿನ ಆ ಒಂದೇ ಊರಿನಲ್ಲಿ ನರ್ಮದಾ ಕುಂಡವೂ ಇದೆ, ಶೋಣನ ಉಗಮವೆಂದು ತೋರಿಸುವ ಸೋನ್‌ಮುಡಾ ಕೂಡ ಇದೆ. ಅಲ್ಲಿಂದ ನರ್ಮದೆ ಪಶ್ಚಿಮಕ್ಕೆ ತಿರುಗಿ, 1,312 ಕಿಲೋಮೀಟರ್ ಹರಿದು, ಭರೂಚ್‌ನ ಆಚೆ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಶೋಣ ಉತ್ತರಕ್ಕೂ ಆಮೇಲೆ ಪೂರ್ವಕ್ಕೂ ಹೋಗಿ ಪಟನಾದ ಬಳಿ ಗಂಗೆಯಲ್ಲಿ ಬೆರೆಯುತ್ತಾನೆ. ಹಾಗಾಗಿ ಭಾವನವರ ಮಾತು ಆ ಕೆಂಪು ಕಲ್ಲಿನ ಮಟ್ಟಿಗೆ ಪೂರ್ತಿ ತಪ್ಪಲ್ಲ. ಸಂಸ್ಕೃತದಲ್ಲಿ ಶೋಣ ಗಂಡು, ನದಿಯಲ್ಲ, ನದ. ಆ ಕಡೆಯ ಜನ ಹೇಳುವ ಕಥೆಯಲ್ಲಿ ಮೇಕಲರಾಜನ ಮಗಳಾದ ನರ್ಮದೆಗೂ ಶೋಣನಿಗೂ ಮದುವೆ ನಿಶ್ಚಯವಾಗಿತ್ತು. ವರನನ್ನು ಇನ್ನೂ ಕಾಣದಿದ್ದ ಅವಳು ತನ್ನ ಉಡುಗೆ ತೊಡುಗೆಗಳನ್ನೇ ತೊಡಿಸಿ ಸಖಿ ಜೋಹಿಲೆಯನ್ನು ಅವನಲ್ಲಿಗೆ ಕಳಿಸಿದಳು. ಹೋದವಳು ಅಲ್ಲಿಯೇ ಉಳಿದಳು. ನರ್ಮದೆ ತಾನೇ ಹೋಗಿ ಅದನ್ನು ಕಂಡು, ಒಂದು ಮಾತನ್ನೂ ಆಡದೆ ಪಶ್ಚಿಮಕ್ಕೆ ಮುಖ ತಿರುಗಿಸಿ ಹೊರಟವಳು ಚಿರಕುಮಾರಿಯಾಗಿಯೇ ಉಳಿದಳಂತೆ. ಜೋಹಿಲಾ ಎಂಬ ನದಿ ಇಂದಿಗೂ ಶೋಣನನ್ನೇ ಸೇರುತ್ತದೆ.

ಭೂವಿಜ್ಞಾನಿಗಳು ಹೇಳುವ ಕಾರಣ ಬೇರೆ. ವಿಂಧ್ಯ ಮತ್ತು ಸಾತ್ಪುರಗಳ ನಡುವೆ ಭೂಮಿ ಬಿರಿದು ಕುಸಿದು ಉಂಟಾದ ಉದ್ದನೆಯ ತಗ್ಗಿನಲ್ಲಿ ನರ್ಮದೆ ಹರಿಯುತ್ತಾಳೆ, ಆದ್ದರಿಂದ ಅವಳಿಗೆ ಪಶ್ಚಿಮವೇ ದಾರಿ. ಆದರೆ ಆ ಬಿರುಕಿನ ಪಟ್ಟಿಯನ್ನು ಅವರು ನರ್ಮದಾ–ಸೋನ್ ರೇಖೆ ಎಂದು ಎರಡು ಹೆಸರನ್ನೂ ಜೋಡಿಸಿಯೇ ಕರೆಯುತ್ತಾರೆ ಎಂಬುದನ್ನು ಓದಿದ ದಿನ ನನಗೆ ಅಪ್ಪಯ್ಯನ ಸಂಪುಟವೇ ಕಣ್ಣ ಮುಂದೆ ಬಂದಿತ್ತು. ನೆಲದ ಮೇಲೆ ಬೆನ್ನು ತಿರುಗಿಸಿ ಹೋದ ಇಬ್ಬರೂ ನಮ್ಮ ಮನೆಯಲ್ಲಿ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಅಭಿಷೇಕದ ನೀರಿನಲ್ಲಿ ಪ್ರತಿದಿನ ಒಟ್ಟಿಗೆ ಮಿಂದಿದ್ದಾರೆ.

ನರ್ಮದೆ ನಮಗೆ ದೂರದವಳೂ ಅಲ್ಲ. ಸ್ನಾನಕ್ಕೆ ನೀರು ತುಂಬುವಾಗ 'ನರ್ಮದೇ ಸಿಂಧು ಕಾವೇರಿ' ಎಂದು ನಮ್ಮ ಕಾವೇರಿಯ ಜೊತೆಗೇ ಅವಳನ್ನು ಕರೆಯುತ್ತೇವೆ. ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ತಡೆದು ಹಿಮ್ಮೆಟ್ಟಿಸಿದ್ದು ಅವಳ ತೀರದಲ್ಲಿ ಎನ್ನುತ್ತಾರೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಆ ಗೆಲುವನ್ನು ಹಾಡಿದ್ದಾನೆ. ಶಂಕರಾಚಾರ್ಯರು ಗುರುಗಳಾದ ಗೋವಿಂದ ಭಗವತ್ಪಾದರನ್ನು ಕಂಡದ್ದೂ ಅವಳ ದಡದಲ್ಲೇ ಎಂಬ ಪ್ರತೀತಿಯಿದೆ. ಸರಸ್ವತಿಯ ನೀರು ಮೂರು ದಿನದಲ್ಲಿ, ಯಮುನೆಯದು ಏಳು ದಿನದಲ್ಲಿ, ಗಂಗೆಯದು ಆ ಕ್ಷಣದಲ್ಲಿ ಪಾವನಗೊಳಿಸಿದರೆ ನರ್ಮದೆಯನ್ನು ಕಂಡರೇ ಸಾಕು ಎನ್ನುತ್ತದೆ ಮತ್ಸ್ಯಪುರಾಣ.

ಅವಳಿಗೆ ಪ್ರದಕ್ಷಿಣೆ ಬರುವವರನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬುತ್ತದೆ. ನದಿಯನ್ನು ಬಲಕ್ಕೆ ಇಟ್ಟುಕೊಂಡು, ನಡುವೆ ಎಲ್ಲಿಯೂ ದಾಟದೆ, ದಕ್ಷಿಣದ ದಡದಲ್ಲಿ ಸಮುದ್ರದವರೆಗೆ ನಡೆದು, ಅಲ್ಲಿ ಮಾತ್ರ ದೋಣಿಯಲ್ಲಿ ಆಚೆಗೆ ಹೋಗಿ, ಉತ್ತರದ ದಡದಲ್ಲಿ ಹಿಂದಿರುಗುತ್ತಾರೆ. ಹಳೆಯ ಕ್ರಮದಲ್ಲಿ ಇದಕ್ಕೆ ಮೂರು ವರ್ಷ, ಮೂರು ತಿಂಗಳು, ಹದಿಮೂರು ದಿನ. ದಾರಿಯ ಹಳ್ಳಿಗಳವರು 'ನರ್ಮದೇ ಹರ್' ಎಂದು ಎದುರುಗೊಂಡು ಅನ್ನ ಕೊಡುತ್ತಾರೆ. ಸರ್ದಾರ್ ಸರೋವರ ಮೊದಲಾದ ಅಣೆಕಟ್ಟುಗಳ ಹಿನ್ನೀರಿನಲ್ಲಿ ಆ ಹಳೆಯ ಕಾಲುದಾರಿಯ ಭಾಗಗಳೂ ಎಷ್ಟೋ ಹಳ್ಳಿಗಳೂ ಮುಳುಗಿಹೋದವು, ಅದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಬೇರೆ ಕಲ್ಲು ಕೊಂಡು ತಂದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಈಗ ಮಾರಾಟಕ್ಕೆ ಬರುವ ಬಾಣಲಿಂಗಗಳಲ್ಲಿ ಹೆಚ್ಚಿನವು ನದಿಯಿಂದ ಎತ್ತಿದ ಕಲ್ಲನ್ನು ದಡದ ಹಳ್ಳಿಗಳಲ್ಲಿ ಯಂತ್ರದಿಂದ ಉಜ್ಜಿ ರೂಪ ಕೊಟ್ಟವು. ಅದು ಆ ಕುಟುಂಬಗಳ ದುಡಿಮೆ, ಅದರಲ್ಲಿ ತಪ್ಪೇನೂ ಇಲ್ಲ. ಹೊಸದಾಗಿ ಪೂಜೆ ಹಿಡಿಯುವವರು ಅದನ್ನೇ ತರಿಸಿಕೊಳ್ಳಬಹುದು, ನಾನೇ ತರಿಸಿಕೊಡುತ್ತೇನೆ.

ಅಪ್ಪಯ್ಯನ ಸಂಪುಟ ಮಾತ್ರ ಒಡೆಯುವುದು ಬೇಡ. ಐದೂ ಕಲ್ಲುಗಳು ಒಂದೇ ಮನೆಯಲ್ಲಿ ಇರಲಿ. ಈ ಮಾತನ್ನು ಎತ್ತಿದವಳು ನೀನೇ ಆದ್ದರಿಂದ ಮಗಳೇ, ನಿನ್ನ ಮನೆಯಲ್ಲಿಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ಭಾವನವರೂ ತಮ್ಮನೂ ಒಪ್ಪಿದರೆ ಮುಂದಿನ ಸೋಮವಾರ ನಾನೇ ಬಂದು, ಯಾವ ಕಲ್ಲನ್ನು ಯಾವ ಮೂಲೆಯಲ್ಲಿ ಇಡಬೇಕೆಂದು ತೋರಿಸಿಕೊಡುತ್ತೇನೆ.